ಸೋಮವಾರದ ದಮ್ಮು

ಮೊನ್ನೆ ನಮ್ಮ ಓಣಿಯಲ್ಲಿ ಗಾದಿ ಹೊಲಿಯುವವನು ಹಳೆ ಗಾದಿಯೊಂದನ್ನು ಬಿಚ್ಚಿ ಹತ್ತಿ ಹಿಂಜತೊಡಗಿದ. ಆ ಒಣ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅದು ನನ್ನಪ್ಪನ ವಾಸನೆ. ಅಣ್ಣಿಗೇರಿಯಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಅಪ್ಪ ದುಡಿಯುತ್ತಿದ್ದ. ಸಂಜೆ ಹುಬ್ಬು, ಮೀಸೆಗಳೆಲ್ಲ ಬೆಳ್ಳಗಾಗಿ ಬಂದು, "ಯಾರೋ ಮುದುಕ ಬಂದಾನ ನೋಡಬೇ ಯವ್ವಾ" ಎಂದು ನನ್ನನ್ನು ಕರೆಯುತ್ತಿದ್ದ. ಬೆಲ್ಲ ತಿಂದರೆ ಗಂಟಲಿನ ಧೂಳು ಇಳಿಯುತ್ತದೆಂದು ಜಿನ್ನಿನವರೆಲ್ಲ ನಂಬಿದ್ದರು. ನಾನು ಬೆಲ್ಲದ ತುಣುಕು ಹಿಡಿದು ಹೊಸ್ತಿಲಲ್ಲೇ ಕೂತಿರುತ್ತಿದ್ದೆ. ಅರ್ಧ ಕಡಿದು, ಉಳಿದರ್ಧ ನನ್ನ ಬಾಯಿಗಿಡುತ್ತಿದ್ದ.

ರವಿವಾರ ಸೂಟಿ. ಅವತ್ತು ಅಂಗಳದಲ್ಲಿ ಕೂತು ನನ್ನ ತಲೆಗೆ ಎಣ್ಣೆ ಹಚ್ಚಿ, ಸೊಟ್ಟ ಸೊಟ್ಟ ಜಡೆ ಹಾಕುತ್ತಿದ್ದ. ಸೋಮವಾರ ಸಂಜೆ ಮಾತ್ರ ಎದೆ ಬಿಗಿದು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಮಂಗಳವಾರ ತುಸು ವಾಸಿ, ಶನಿವಾರಕ್ಕೆ ಅಗದಿ ಆರಾಮ. ಹತ್ತು ವರ್ಷದ ನಾನು ಇದನ್ನೆಲ್ಲ ಲೆಕ್ಕ ಹಾಕಿ ಒಂದು ಸಂಜೆ ಹೇಳಿಯೇಬಿಟ್ಟೆ: "ಯಪ್ಪಾ, ಐತವಾರ ಸುಮ್ನ ಕುಂತ್ರ ನಿನಗ ಆಗಿಬರೂದಿಲ್ಲ. ಅವತ್ತೂ ಕೆಲಸಕ್ಕ ಹೋಗು." ಅಪ್ಪ ಏದುಸಿರಿನಲ್ಲೇ ನಕ್ಕ. "ನಮ್ಮ ಡಾಕ್ಟರವ್ವ ಹೇಳಿದಮ್ಯಾಲ ಮುಗೀತು!" ಅವ್ವನಿಗೂ ಹೌದೆನ್ನಿಸಿತು. ರವಿವಾರವೂ ಹೋಗತೊಡಗಿದ. ಸೋಮವಾರದ ದಮ್ಮು ನಿಜಕ್ಕೂ ಕಡಿಮೆಯಾಯಿತು! ಸೊಟ್ಟ ಜಡೆ ಹೋದರೇನು, ಅಪ್ಪನನ್ನು ಗುಣ ಮಾಡಿದವಳು ನಾನೇ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದೆ.

ಮೂರು ವರ್ಷಕ್ಕೆ ಅಪ್ಪನಿಗೆ ವಾರದ ಏಳೂ ದಿನ ಸೋಮವಾರವಾದವು. ಬಾವಿಯವರೆಗೆ ಹೋಗಲು ಎರಡು ಕಡೆ ಕೂರುತ್ತಿದ್ದ. ಹುಬ್ಬಳ್ಳಿಯ ಡಾಕ್ಟರ ಮುಂದೆ ಅವ್ವ, "ಐತವಾರದ ಸೂಟಿ ಬಿಡಿಸಿದ್ವಿರಿ, ಆಗ ಕಡಿಮಿ ಆಗಿತ್ರಿ" ಎಂದಳು. ಅವರು ಪೆನ್ನು ಕೆಳಗಿಟ್ಟರು. "ಸೂಟಿಯಿಂದ ಅಲ್ರಿ, ಹತ್ತಿ ಧೂಳಿನಿಂದ. ಸೂಟಿ ಮುಗಿಸಿ ಮತ್ತ ಧೂಳಿಗೆ ಹ್ವಾದ್ರ ಎದಿ ಬಿಗೀತಿತ್ತು. ಅದೊಂದ ದಿನಾರ ಅವರಿಗೆ ಚಲೋ ಗಾಳಿ ಸಿಗ್ತಿತ್ತು." ಅಪ್ಪ ಅವರ ಮುಖ ನೋಡಲಿಲ್ಲ, ನನ್ನ ಕಡೆ ನೋಡಿದ. ಬಸ್ಸಿನಲ್ಲಿ ಊರು ಬರುವವರೆಗೂ ನನ್ನ ಕೈ ಬಿಡಲಿಲ್ಲ. ಆ ಮಾತು ಆಡಿದ ನಾಲಿಗೆಯನ್ನು ಕಿತ್ತೆಸೆಯಬೇಕು ಅನ್ನಿಸಿತ್ತು ನನಗೆ, ಈಗಲೂ ಅನ್ನಿಸುತ್ತದೆ.

ಕೊನೆಕೊನೆಗೆ ಅಪ್ಪನಿಗೆ ಮಲಗಲೂ ಆಗುತ್ತಿರಲಿಲ್ಲ, ಗೋಡೆಗೊರಗಿ ಕೂತೇ ಇರುತ್ತಿದ್ದ. ಒಂದು ಮುಂಜಾನೆ ಬೆಲ್ಲ ತರಲು ಸನ್ನೆ ಮಾಡಿದ. ತಂದುಕೊಟ್ಟೆ. ಕಡಿಯಲು ಆಗದೆ ಇಡೀ ತುಣುಕನ್ನೇ ನನ್ನ ಬಾಯಿಗಿಟ್ಟ. ಆಮೇಲೆ ಎಣ್ಣೆ ಬಟ್ಟಲಿನತ್ತ ಬೆರಳು ತೋರಿಸಿ, ಉಸಿರು ಕೂಡಿಸಿಕೊಂಡು ಹೇಳಿದ: "ಇವತ್ತ ಐತವಾರ ಹೌದಲ್ಲಬೇ ಯವ್ವಾ? ಮನ್ಯಾಗ ಅದೀನಿ ನೋಡು. ಬಾ, ಜಡಿ ಹಾಕ್ತೀನಿ."

ನಾನು ಅವನಿಗೆ ಬೆನ್ನು ಮಾಡಿ ಕೂತೆ. ಜಡೆ ಅರ್ಧಕ್ಕೇ ನಿಂತಿತು.