ಎಂಜಲಿನ ಗಂಟು

ಕಿತ್ತ ಎಳೆಯನ್ನು ಜೋಡಿಸುವ ಮುನ್ನ ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುವುದು ನನ್ನ ಚಾಳಿ. ಮಗ್ಗದ ರೇಷ್ಮೆಯಾದರೂ ಸರಿ, ಅಂಗಿಯ ಗುಂಡಿ ಹೊಲಿಯುವ ದಾರವಾದರೂ ಸರಿ, ಮೊದಲು ಅದು ನನ್ನ ಬಾಯಿಗೆ ಬಂದು ಹೋಗಬೇಕು. ಇದು ಕೊಳಕು ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ತೀರ್ಪು ಕೊಟ್ಟಳು. ಅದನ್ನು ಮರುವಿಚಾರಣೆಗೆ ತೆಗೆದುಕೊಳ್ಳುವ ಪ್ರಮೇಯ ಅವಳಿಗೆ ಇಂದಿಗೂ ಬಂದಿಲ್ಲ. ನೀವು ಸ್ನೇಹಿತರು, ನಿಮಗೆ ಹೇಳುತ್ತೇನೆ: ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದವನ ಬಾಯಿಗೆ ತಾಯಿಯ ಹಾಲು ಮೊದಲು, ರೇಷ್ಮೆಯ ಎಳೆ ಎರಡನೆಯದು. ಒಣ ರೇಷ್ಮೆ ಜಾರುತ್ತದೆ. ಒದ್ದೆ ಮಾಡಿ ಬಿಗಿದರೆ ಗಂಟು ಸಾಸಿವೆಯಷ್ಟಾಗಿ ಕೂತುಬಿಡುತ್ತದೆ. ಆಮೇಲೆ ಅದನ್ನು ಕತ್ತರಿಸಬಹುದೇ ಹೊರತು ಬಿಚ್ಚಲಾಗುವುದಿಲ್ಲ.

ಇಂಥ ನಾಲಿಗೆಯನ್ನು ಹೊತ್ತುಕೊಂಡು ನಾನೂ ಒಂದು ಕಾಲದಲ್ಲಿ ಸೇನಾಧಿಕಾರಿಯಾಗಲು ಹೊರಟಿದ್ದೆ. ಹಿಮಾಲಯದ ಬುಡದಲ್ಲಿ ಮೂರೂ ದಳಗಳಿಗೆ ಒಟ್ಟಿಗೆ ತರಬೇತಿ ಕೊಡುತ್ತಿದ್ದ ಸೈನಿಕ ಅಕಾಡೆಮಿಯಲ್ಲಿ ಪಕ್ಕದ ಮಂಚಕ್ಕೆ ಬಂದವನು ಹೊನ್ನೂರಿನ ಗುರುಮಲ್ಲಪ್ಪ, ಭತ್ತ ಕಬ್ಬು ಬೆಳೆಯುವ ಮನೆಯವನು. ನಮ್ಮಿಬ್ಬರ ಊರುಗಳ ನಡುವೆ ಎತ್ತಿನಗಾಡಿಯಲ್ಲಿ ಅರ್ಧ ದಿನದ ದಾರಿ. ಆದರೆ ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಹೊನ್ನೂರಿರುವ ಯಳಂದೂರು ಸೀಮೆ ಮೈಸೂರಿಗೆ. ಹೀಗಾಗಿ ಪರಸ್ಪರ ಪರಿಚಯವಾಗಲು ನಾವು ದಿನಗಟ್ಟಲೆ ರೈಲಿನಲ್ಲಿ ಕೂತು ದೇಶದ ಇನ್ನೊಂದು ತುದಿ ಸೇರಬೇಕಾಯಿತು. ಅವನು ಆರಿಸಿಕೊಂಡದ್ದು ನೌಕಾದಳ. ಯಾಕಪ್ಪಾ ಎಂದರೆ, ಇಷ್ಟು ವರ್ಷ ಗದ್ದೆಯ ನೀರಿನೊಳಗೆ ನಿಂತು ಸಾಕಾಗಿದೆ, ಇನ್ನಾದರೂ ನೀರಿನ ಮೇಲಿರೋಣ ಅಂತ ಎಂದ. ಸಂದರ್ಶನದಲ್ಲೂ ಇದನ್ನೇ ಹೇಳಿದ್ದನಂತೆ.

ಒಂದು ಸಂಜೆ ಹಗ್ಗ ಹತ್ತುವ ಅಭ್ಯಾಸದಲ್ಲಿ ಅವನ ಕೊರಳಿನ ಶಿವದಾರ ಕಿತ್ತುಹೋಯಿತು. ಬೆಳ್ಳಿಯ ಕರಡಿಗೆಯಲ್ಲಿದ್ದ ಇಷ್ಟಲಿಂಗ ನೆಲ ಮುಟ್ಟದಂತೆ ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ; ಎರಡೂ ಕೈಯಲ್ಲಿ ಹಿಡಿದದ್ದರಿಂದ ನೆಲ ಮುಟ್ಟಿದವನು ಅವನು ಮಾತ್ರ. ಲಿಂಗ ಮೈಮೇಲಿಲ್ಲದೆ ಅವರ ಮನೆಯಲ್ಲಿ ಹನಿ ನೀರೂ ಕುಡಿಯುವುದಿಲ್ಲ, ಸತ್ತಾಗಲೂ ಅದರ ಜೊತೆಯಲ್ಲೇ ಮಣ್ಣಾಗಬೇಕು. ಊಟದ ಗಂಟೆ ಹೊಡೆದರೂ ಅವನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಮೇಲೆ ಕೂತೇ ಇದ್ದ. ನನ್ನ ಟ್ರಂಕಿನಲ್ಲಿ ಅಮ್ಮ ಕಟ್ಟಿಕೊಟ್ಟ ರೇಷ್ಮೆಯ ಲಡಿಯೊಂದಿತ್ತು. ಎಂಟು ಎಳೆ ಸೇರಿಸಿ ಹುರಿ ಮಾಡಿ, ಈಜುವಾಗ ತಲೆಯಿಂದ ಜಾರದಂತೆ ಕೊರಳಿಗೆ ಗಿಡ್ಡವಾಗಿ ಹಿಡಿದು, ಎರಡು ತುದಿಗಳನ್ನೂ ನಾಲಿಗೆಗೆ ಮುಟ್ಟಿಸಿ ಬಿಗಿದುಬಿಟ್ಟೆ. ಬಿಗಿದ ಮೇಲೆ ನಾನು ಮಾಡಿದ್ದೇನೆಂದು ನನಗೇ ಹೊಳೆಯಿತು. ದೇವರ ದಾರಕ್ಕೆ ಎಂಜಲು.

ಗುರುಮಲ್ಲಪ್ಪ ನನ್ನನ್ನು ನೋಡಿದ, ಗಂಟನ್ನು ಎರಡು ಸಲ ಎಳೆದು ನೋಡಿದ, ಕರಡಿಗೆಯನ್ನು ಅಂಗಿಯೊಳಗೆ ಇಳಿಬಿಟ್ಟ.

"ನಿಂತದೆ ಕಣ್ಲಾ," ಎಂದ. "ಊಟಕ್ಕೆ ನಡಿ."

ಮುಂದಿನ ವಾರ ಹಡಗಿನ ಹಗ್ಗ ಕಟ್ಟುವ ಪಾಠ ಬಂತು. ಎರಡು ಹಗ್ಗ ಸೇರಿಸಲು ನಾವಿಕರು ಹಾಕುವ ಒಂದು ಗಂಟು ಅವನಿಗೆ ಏನು ಮಾಡಿದರೂ ಬರಲಿಲ್ಲ. ನೋಡಿದರೆ ಅದು ನಮ್ಮ ಮಗ್ಗದ ಗಂಟೇ. ಕೇರಿಯ ಮುದುಕಿಯರು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದುದನ್ನು ಸಮುದ್ರದವರು ಹೆಬ್ಬೆರಳು ದಪ್ಪದ ಹಗ್ಗದಲ್ಲಿ ಹಾಕುತ್ತಿದ್ದರು, ಅಷ್ಟೆ ವ್ಯತ್ಯಾಸ. ನಾನು ದಾರದಲ್ಲಿ ಹೇಳಿಕೊಟ್ಟೆ. ಅವನು ಶ್ರದ್ಧಾವಂತ ಶಿಷ್ಯ. ಪರೀಕ್ಷೆಯ ದಿನ ಆ ತೆಂಗಿನ ನಾರಿನ ಹಗ್ಗವನ್ನು ಗಂಭೀರವಾಗಿ ನೆಕ್ಕಿ ಆಮೇಲೆ ಕಟ್ಟಿದ. ಪರೀಕ್ಷಕರು ಕಾರಣ ಕೇಳಿದ್ದಕ್ಕೆ, ಇದು ಕೊಳ್ಳೇಗಾಲದ ಪದ್ಧತಿ ಸಾರ್ ಎಂದನಂತೆ.

ನನ್ನನ್ನು ವರ್ಷ ತುಂಬುವ ಮೊದಲೇ ಮನೆಗೆ ಕಳಿಸಿದರು. ಸಾವಿರ ಎಳೆಗಳ ಹಾಸಿನಲ್ಲಿ ಕಿತ್ತ ಒಂದು ಎಳೆ ಕಾಣುವ ನನ್ನ ಕಣ್ಣಿಗೆ ನೂರು ಗಜ ದೂರದ ಗುರಿಹಲಗೆ ಕಾಣುತ್ತಿರಲಿಲ್ಲ. ಅಪ್ಪ ಏನೂ ಕೇಳದೆ ಮಗ್ಗದ ಮುಂದೆ ಜಾಗ ಬಿಟ್ಟರು. ಗುರುಮಲ್ಲಪ್ಪ ಅಧಿಕಾರಿಯಾಗಿ ಹಡಗು ಹತ್ತಿದ. ವರ್ಷಕ್ಕೆರಡು ಕಾಗದ ಬರೆಯುತ್ತಿದ್ದ. ಯಾವ ಬಂದರಿನಿಂದ ಬಂದರೂ ಕೊನೆಯ ಸಾಲು ಒಂದೇ: ನಿನ್ನ ಗಂಟು ಇನ್ನೂ ಅದೆ.

ಒಂದು ವರ್ಷ ಕಾಗದದ ಬದಲು ಹೊನ್ನೂರಿನಿಂದ ಆಳು ಬಂದ. ನಡುಸಮುದ್ರದಲ್ಲಿ ಜ್ವರ ಬಂದು ಗುರುಮಲ್ಲಪ್ಪ ತೀರಿಕೊಂಡನೆಂದೂ, ದಡ ದೂರವಿದ್ದದ್ದರಿಂದ ಕಡಲಿಗೇ ಒಪ್ಪಿಸಿದರೆಂದೂ ತಂತಿ ಬಂದು ತಿಂಗಳಾಗಿತ್ತಂತೆ. ಈಗ ಅವನ ಟ್ರಂಕೂ ಇಂಗ್ಲಿಷಿನ ಒಂದು ಕಾಗದವೂ ಬಂದಿವೆ, ಅವನ ತಾಯಿ ಬರಹೇಳಿದ್ದಾರೆ ಎಂದ. ಯಳಂದೂರಿನವರೆಗೆ ಬಸ್ಸು, ಅಲ್ಲಿಂದ ಕಾಲುನಡಿಗೆ. ಬಹಳ ದೂರದವರೆಗೆ ನನಗೆ ಅಳು ಬರಲಿಲ್ಲ. ಹಗ್ಗ ನೆಕ್ಕಿದ್ದು ನೆನಪಾಗಿ ನಗು ಬಂತು, ಆಮೇಲೆ ಅಳುವೂ ಬಂತು.

ತಾಯಿ ದೇವಮ್ಮನವರು ಜಗಲಿಯಲ್ಲಿ ಕೂತಿದ್ದರು. ತಂತಿ ಬಂದಾಗಿನಿಂದ ಆಕೆ ದಿನಕ್ಕೊಂದು ಲೋಟ ಹಾಲಿನಲ್ಲೇ ಇದ್ದಾರೆಂದು ಆಳು ದಾರಿಯಲ್ಲೇ ಹೇಳಿದ್ದ. ಮಗ ಹೇಗೆ ಸತ್ತನೆಂದು ಅವರು ನನ್ನನ್ನು ಕೇಳಲಿಲ್ಲ.

"ಲಿಂಗ ಮೈಮೇಲಿತ್ತಾ ಇಲ್ವಾ, ಅದೊಂದ ನೋಡೇಳಪ್ಪ," ಎಂದರು.

ಮೊದಲು ಟ್ರಂಕು ತೆಗೆದೆವು. ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ನಾನು ಹುಡುಕಿದ್ದು ಬದುಕಿನಲ್ಲಿ ಅದೊಂದೇ ಸಲ. ಬಿಳಿಯ ಸಮವಸ್ತ್ರ, ಬೂಟು, ಕ್ಷೌರದ ಕತ್ತಿ, ವಿಭೂತಿಯ ಗಟ್ಟಿ ಇದ್ದವು, ಕರಡಿಗೆ ಇರಲಿಲ್ಲ. ಆದರೂ ನಿರಾಳವಾಗುವಂತಿರಲಿಲ್ಲ, ಯಾರಾದರೂ ಬಿಚ್ಚಿ ಎಲ್ಲಾದರೂ ಇಟ್ಟಿರಬಹುದು. ಕಾಗದ ಒಡೆದೆ. ಹಡಗಿನ ಹಿರಿಯ ಅಧಿಕಾರಿಯೊಬ್ಬರು ಬರೆದದ್ದು. ಹೊಗಳಿಕೆಯ ಎರಡು ಪುಟ ಮುಗಿದ ಮೇಲೆ, ಒಂದು ತಪ್ಪಿಗಾಗಿ ಕ್ಷಮೆ ಕೇಳಿದ್ದರು. ಅದನ್ನು ಒಂದೊಂದೇ ಮಾತಾಗಿ ಕನ್ನಡದಲ್ಲಿ ಹೇಳಿದೆ: ಅವರ ಕೊರಳಲ್ಲಿದ್ದ ಬೆಳ್ಳಿಯ ಪುಟ್ಟ ಭರಣಿಯನ್ನು ತಮಗೆ ಕಳಿಸಬೇಕೆಂದಿದ್ದೆವು. ದಾರದ ಗಂಟನ್ನು ಬಿಚ್ಚಲು ಹಡಗಿನಲ್ಲಿ ಯಾರಿಂದಲೂ ಆಗಲಿಲ್ಲ. ಕತ್ತರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಅದು ಅವರೊಂದಿಗೇ ಹೋಯಿತು, ದಯವಿಟ್ಟು ಕ್ಷಮಿಸಬೇಕು.

ದೇವಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಆ ಗಂಟು ಹಾಕಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ ಎಂದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ಕದ್ದ ಆಶೀರ್ವಾದವನ್ನು ಮನೆಗೆ ಹೊತ್ತೊಯ್ಯುವ ಧೈರ್ಯ ನನಗಾಗಲಿಲ್ಲ. ಕಟ್ಟಿದವನು ನಾನೇ ಎಂದೆ. ದಾರಕ್ಕೆ ಎಂಜಲು ಮುಟ್ಟಿಸಿ ಕಟ್ಟಿದೆನೆಂದೂ ಹೇಳಿಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಕೊರಳಿಗೆ ಹೋಯಿತು, ತಮ್ಮ ಶಿವದಾರವನ್ನು ಸೆರಗಿನಿಂದ ಈಚೆಗೆ ತೆಗೆದರು. ಬೆವರಿಗೆ ನೆನೆದು ನೆನೆದು ಅದು ಒಂದು ಕಡೆ ಎರಡೇ ಎಳೆಯಲ್ಲಿ ನಿಂತಿತ್ತು.

"ನಂದೂ ಸವ್ದೋಗದೆ ಮಗ, ಕಟ್ಟು," ಎಂದರು. "ಅವನ್ಗೆ ಕಟ್ದಂಗೇಯ."

ಜೇಬಿನಲ್ಲಿ ರೇಷ್ಮೆ ಇಲ್ಲದೆ ನೇಕಾರ ಎಲ್ಲಿಗೂ ಹೋಗುವುದಿಲ್ಲ. ಎಳೆ ಸೇರಿಸಿ ಹುರಿ ಮಾಡಿ ನಾಲಿಗೆಗೆ ಮುಟ್ಟಿಸಿದೆ. ಬಾಯಿ ಒಣಗಿಹೋಗಿತ್ತು, ದಾರ ನೆನೆಯಲಿಲ್ಲ. ಅವರು ಕಾದರು. ಇನ್ನೊಮ್ಮೆ ಮುಟ್ಟಿಸಿ ಬಿಗಿದೆ. ದೇವಮ್ಮನವರು ಗಂಟನ್ನು ಎರಡು ಸಲ ಎಳೆದು ನೋಡಿ, ಕರಡಿಗೆಯನ್ನು ಒಳಗೆ ಇಳಿಬಿಟ್ಟು, ಗೋಡೆ ಹಿಡಿದು ಎದ್ದರು.

"ಎಲೆ ಆಕ್ತೀನಿ ನಡಿ," ಎಂದರು. "ಇಬ್ರೂ ಉಣ್ಣವ."