ಮಾಳಿಗೆಯ ಮೇಲೆ ಹಕ್ಕರಕಿ

ಗೆಳತಿಯರೇ, ಗೆದ್ದುಬಿಟ್ಟೆ! ಮೂಡಲಗಿಯ ನನ್ನ ಗಂಡನ ಮನೆಯವರ ಹೊಲದ ತುಂಬ ಕಬ್ಬು, ಸೊಪ್ಪು ಮಾತ್ರ ಸಂತೆಯಿಂದ. ಅದಕ್ಕೇ ನಾನು ಮಾಳಿಗೆ ಮೇಲೆ ಪೇಂಟ್ ಬಕೆಟ್‌ಗಳಲ್ಲಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ಬೆಳೆದಿದ್ದೆ. ಇವತ್ತು ಬೆಳಿಗ್ಗೆ ಅತ್ತೆ, "ಶ್ಯಾವಿಗಿ ಒಣಾ ಹಾಕಬೇಕ, ನಿನ್ನ ಬಕೀಟ ಎಲ್ಲಾ ತಗಿ" ಎಂದರು. ನನಗೆ ಅಳುವೇ ಬಂತು.

ಮಧ್ಯಾಹ್ನ ಹುಕ್ಕೇರಿಯಿಂದ ಅತ್ತೆಯ ಅಕ್ಕ ಬಂದು ಊಟಕ್ಕೆ ಕುಳಿತರು. "ರೊಟ್ಟಿ ಜೋಡಿ ಹಸಿ ತಪ್ಪಲಾ ಇಲ್ಲೇನ? ಎಂಥಾ ಒಕ್ಕಲತನಾ ತಂಗಿ ನಿಮ್ದು!" ಅತ್ತೆಯ ಮುಖ ಸಣ್ಣದಾಯಿತು. ನಾನು ಮೇಲೆ ಓಡಿ ಬುಟ್ಟಿ ತುಂಬ ಹಕ್ಕರಕಿ ಕಿತ್ತು ತಂದೆ.

"ಎಷ್ಟ ಎಳೀದ ಐತಿ! ಯಾರ ಬೆಳದಾರ?"

"ನಮ್ಮ ಸೊಸಿ ಅಕ್ಕಾ. ನಾನಽ ಹಚ್ಚಂದಿದ್ದೆ" ಎಂದರು ಅತ್ತೆ, ನೆಡಲು ಹೇಳಿದ್ದೇ ತಾವೆಂಬಂತೆ!

ಶಾವಿಗೆ ಈಗ ಪಕ್ಕದ ಮನೆ ಮಾಳಿಗೆಯಲ್ಲಿ ಒಣಗುತ್ತಿದೆ. ಮಾಳಿಗೆಯ ಬಾಡಿಗೆಯಾಗಿ ಅವರಿಗೂ ಹಕ್ಕರಕಿ ಕೊಡುವುದೆಂದು, ನನ್ನನ್ನು ಕೇಳದೆ, ಅತ್ತೆ ಮಾತು ಕೊಟ್ಟಿದ್ದಾರೆ.