ವಾಡಿಯಲ್ಲಿ ಹತ್ತು ಜನ ಸಿಗದ ದಿನ

ನಾನು ಚಿಕ್ಕವನಿದ್ದಾಗ ವಾಡಿಯಲ್ಲಿ ಯೆಹೂದಿಗಳ ಮನೆ ಅಂತ ಇದ್ದದ್ದು ಒಂದೇ, ಅದು ನಮ್ಮದು. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಅನ್ನುತ್ತಿದ್ದರು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಸ್ಟೇಷನ್ನಿನ ಆಚೆ ತುದಿಯ ಕ್ಯಾಬಿನ್ನಿನಲ್ಲಿ ನಿಂತು ಗಾಡಿಗಳಿಗೆ ಸಿಗ್ನಲ್ ಕೊಡುತ್ತಿದ್ದ, ಹಳಿ ಬದಲಿಸುತ್ತಿದ್ದ. ನಮ್ಮ ಹಿರಿಯರು ಕೊಂಕಣದ ಕಡೆಯವರಾದ್ದರಿಂದ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಸಿಟ್ಟು ಬಂದರೆ ಮಾತ್ರ ಪೂರಾ ಕನ್ನಡ. ನನಗೆ ಒಂಬತ್ತನೆಯ ವರ್ಷದಲ್ಲಿ ದಿನಾ ಸಿಟ್ಟು ಬರುತ್ತಿತ್ತು. ನನ್ನ ಕನ್ನಡ ಇಷ್ಟು ಗಟ್ಟಿಯಾದದ್ದು ಆಗಲೇ ಇರಬೇಕು.

ಸಿಟ್ಟಿಗೆ ಕಾರಣ ನನ್ನ ಬಲಗಾಲು. ಸ್ಟೇಷನ್ನಿನ ಮಾಲ್‌ಧಕ್ಕೆಯಲ್ಲಿ, ಅಂದರೆ ಸರಕು ಇಳಿಸಿ ಏರಿಸುವ ಕಟ್ಟೆಯ ಮೇಲೆ, ಶಹಾಬಾದಿನ ಫರಸಿ ಕಲ್ಲುಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿರುತ್ತಿದ್ದರು. ಅವುಗಳ ಮೇಲೆ ಹತ್ತಬಾರದೆಂದು ಅಪ್ಪ ಸಾವಿರ ಸಲ ಹೇಳಿದ್ದ. ಅಲ್ಲಿ ಒಂದು ಕೆಂಪು ಗಾಳಿಪಟ ಸಿಕ್ಕಿಕೊಂಡಿತ್ತು. ನಾನು ಹತ್ತಿದೆ, ಕಲ್ಲುಗಳು ಜಾರಿದವು. ಆಮೇಲೆ ನೆನಪಿರುವುದು ಬಾಯಿಯಲ್ಲಿ ಕಲ್ಲಿನ ಪುಡಿಯ ರುಚಿ ಮತ್ತು ಅಪ್ಪ ಓಡಿ ಬರುವಾಗಿನ ಬೂಟಿನ ಸದ್ದು. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಸೋಲಾಪುರದ ದವಾಖಾನೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಆಮೇಲೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು.

ಪ್ಲಾಸ್ಟರಿನೊಳಗೆ ತುರಿಕೆ ಬಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕಿಟಕಿಯಿಂದ ಸಿಮೆಂಟಿನ ಧೂಳು, ಎಂಜಿನ್ನಿನ ಹೊಗೆ, ಹೊರಗೆ ಗೆಳೆಯರ ಚಿಣಿಫಣಿ ಆಟದ ಗದ್ದಲ. ನಾನು ಮಂಚದ ಮೇಲೆ. ಅದರಲ್ಲೂ ಶನಿವಾರ ಬಂದರೆ ಸಾಕೋ ಸಾಕು. ಶನಿವಾರ ನಮ್ಮ ಸಬ್ಬಾತ್, ದೇವರು ವಿಶ್ರಾಂತಿ ತೆಗೆದುಕೊಂಡ ದಿನ. ಒಲೆ ಹಚ್ಚುವಂತಿಲ್ಲ, ಬರೆಯುವಂತಿಲ್ಲ. ಅಕ್ಕ ನನಗಾಗಿ ಸ್ಲೇಟಿನ ಮೇಲೆ ಎಂಜಿನ್ ಬಿಡಿಸಿ ಕೊಡುವಂತೆಯೂ ಇಲ್ಲ. ಐದು ತಿಂಗಳಿನಿಂದ ಬರೀ ವಿಶ್ರಾಂತಿಯಲ್ಲೇ ಇದ್ದವನಿಗೆ ಮೇಲಿನಿಂದ ಇನ್ನೊಂದು ವಿಶ್ರಾಂತಿ!

ಅಪ್ಪ ದಿನಾ ಬೆಳಿಗ್ಗೆ ಬಿಳಿ ಶಾಲು ಹೊದ್ದು ಪ್ರಾರ್ಥನೆ ಮಾಡುತ್ತಿದ್ದ. ರಾತ್ರಿ ಮಲಗುವಾಗ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ನಾನೂ ಶೆಮಾ ಹೇಳಬೇಕು. ದೇವರು ಒಬ್ಬನೇ ಎಂದು ಸಾರುವ ಪ್ರಾರ್ಥನೆ ಅದು. ಹೇಳಿ ಮುಗಿಸಿ, ಕೈ ತೆಗೆಯುವ ಮೊದಲು, ನನ್ನದೊಂದು ಸ್ವಂತ ಅರ್ಜಿ ಸೇರಿಸುತ್ತಿದ್ದೆ: ನಾಳೆ ಕಾಲು ನೆಟ್ಟಗಾಗಲಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಾಲು ಅದೇ, ಮಂಚ ಅದೇ. ಎದುರಿನ ಮನೆಯ ಅಜ್ಜಿ ಮಠದಿಂದ ಭಸ್ಮ ತಂದುಕೊಟ್ಟಳು. ಪಕ್ಕದ ಮನೆಯ ಚಾಚಾ ದರ್ಗಾದಿಂದ ದಾರ ತಂದ. ಅಪ್ಪ ಎರಡನ್ನೂ ಕೈಮುಗಿದು ತೆಗೆದುಕೊಂಡು ಅಲಮಾರಿಯಲ್ಲಿ ಇಟ್ಟುಬಿಟ್ಟ, ನನಗೆ ಕಟ್ಟಲಿಲ್ಲ, ಹಚ್ಚಲಿಲ್ಲ. "ಎಲ್ಲಾ ಕಟ್ಟು ಅಪ್ಪಾ, ಯಾವುದರ ಒಂದು ಹತ್ತತದ!" ಅಂತ ನಾನು ಚೀರಿದೆ. ಅಪ್ಪ ಕೇಳಲಿಲ್ಲ.

ಕೊನೆಗೂ ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ನೋಡಿ ನಾನೇ ಹೆದರಿದೆ. ಹಿಪ್ಪೆಯಾದ ಕಬ್ಬಿನ ಹಾಗೆ ಸೊರಗಿತ್ತು. ಡಾಕ್ಟರು ಕಂಕುಳಿಗೆ ಎರಡು ಕೋಲು ಕೊಟ್ಟು ಹೇಳಿದರು: "ಎಲುಬು ಕೂಡ್ಯಾವ. ಈಗ ದಿನಾ ಕೋಲು ಬಿಟ್ಟು ಕಾಲ ಮ್ಯಾಲ ಭಾರ ಹಾಕಿ ನಿಂದ್ರಬೇಕು. ನಿಂದ್ರಲಿಲ್ಲಂದ್ರ ಕಾಲು ಹಿಂಗೇ ಉಳೀತದ. ಆಮ್ಯಾಲ ಜನ್ಮಪೂರ್ತಿ ಕೋಲೇ ಗತಿ."

ನಾನು ನಿಲ್ಲಲಿಲ್ಲ. ಒಂದು ತಿಂಗಳು ಅವ್ವ ಬೇಡಿದಳು, ಅಕ್ಕ ಬೈದಳು, ಅಪ್ಪ ಪೇಡೆ ತೋರಿಸಿದ. ಭಾರ ಹಾಕಿದ ಕೂಡಲೇ ತೊಡೆಯಲ್ಲಿ ಚುಚ್ಚುತ್ತಿತ್ತು, ಮತ್ತೆ ಮುರಿಯಿತು ಅನ್ನಿಸುತ್ತಿತ್ತು. ಗೋಡೆಯನ್ನೋ ಕೋಲನ್ನೋ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿದ್ದೆ.

ಹೀಗಿರುವಾಗ ಅಪ್ಪ ಒಂದು ಕೆಲಸ ಮಾಡಿದ. ನಾನು ಬಿದ್ದ ದಿನವೇ ಅವನು ಹರಕೆ ಹೊತ್ತಿದ್ದನಂತೆ: ಮಗ ಉಳಿದರೆ ಹತ್ತು ಜನರ ಮುಂದೆ ಧನ್ಯವಾದದ ಪ್ರಾರ್ಥನೆ ಹೇಳಿ, ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡುತ್ತೇನೆ ಅಂತ. ಮಲೀದಾ ಅಂದರೆ ನಮ್ಮಲ್ಲಿ ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿ, ಸುತ್ತಲೂ ಹಣ್ಣು. ಅದೇನೋ ಸುಲಭ. ಹತ್ತು ಜನ ಎಲ್ಲಿಂದ ತರುವುದು? ಹತ್ತೂ ಗಂಡಸರಾಗಬೇಕು, ಹದಿಮೂರು ದಾಟಿರಬೇಕು, ಯೆಹೂದಿಗಳೇ ಆಗಬೇಕು. ಅಪ್ಪ ಸೋಲಾಪುರ, ಪುಣೆ, ಮುಂಬಯಿಗೆಲ್ಲ ಕಾಗದ ಬರೆದ. ಹೆಚ್ಚಿನವರು ರೈಲ್ವೆಯವರೇ, ಒಬ್ಬನಿಗೆ ರಜೆ ಇದ್ದರೆ ಇನ್ನೊಬ್ಬನಿಗೆ ಡ್ಯೂಟಿ. ಎಲ್ಲರಿಗೂ ಹೊಂದುವ ದಿನ ಅಂತ ಸಿಕ್ಕಿದ್ದು ಒಂದೇ ಒಂದು ಭಾನುವಾರ, ನಮ್ಮ ಬಾಯಲ್ಲಿ ಆಯ್ತವಾರ.

"ಅಪ್ಪಾ, ನಾ ಇನ್ನಾ ನಿಂತೇ ಇಲ್ಲ. ಧನ್ಯವಾದ ಯಾತರದ್ದು?" ಅಂತ ಕೇಳಿದೆ.

"ಫರಸಿ ನಿನ್ನ ತಲಿ ಮ್ಯಾಲ ಬೀಳಲಿಲ್ಲಲ್ಲ, ಅದರದ್ದು" ಅಂದ ಅಪ್ಪ.

ನನಗೆ ಮೈಯೆಲ್ಲ ಉರಿಯಿತು. ಕಾಲು ಕೆಟ್ಟಿರುವುದು ನನ್ನದು, ಸಂತೋಷ ಮಾತ್ರ ಇವರದ್ದು!

ಆಯ್ತವಾರ ಬೆಳಿಗ್ಗೆಯಿಂದ ಒಬ್ಬೊಬ್ಬರೇ ಗಾಡಿ ಇಳಿದು ಬಂದರು. ಬಾಗಿಲ ಚೌಕಟ್ಟಿಗೆ ಬಡಿದಿದ್ದ ಬೆರಳುದ್ದದ ಡಬ್ಬಿಯನ್ನು ಮುಟ್ಟಿ ಮುತ್ತಿಟ್ಟು ಒಳಗೆ ಬರುತ್ತಿದ್ದರು. ಅದರಲ್ಲಿ ದೇವರ ಮಾತು ಬರೆದ ಚೀಟಿ ಇರುತ್ತದೆ. ಮುಂಬಯಿಯಿಂದ ಪ್ರಾರ್ಥನೆ ಹೇಳಿಸುವ ಹಜ್ಜನ್ ಅಜ್ಜ ಬಂದರು. ಶಹಾಬಾದಿನ ಕಾರ್ಖಾನೆಯಿಂದ ಫಿಟ್ಟರ್ ಕಾಕಾ ಬಂದ. ಉಳಿದವರ ಮುಖ ನನಗೆ ಅಷ್ಟಾಗಿ ನೆನಪಿಲ್ಲ. ಮನೆ ತುಂಬ ಬೀಡಿ, ಕಲ್ಲಿದ್ದಲು, ಏಲಕ್ಕಿಯ ವಾಸನೆ. ಅಪ್ಪ ಹೊಸ ಟೋಪಿ ಹಾಕಿಕೊಂಡು ಹಬ್ಬದ ದಿನದ ಹಾಗೆ ಓಡಾಡುತ್ತಿದ್ದ.

ಒಂದು ಗಂಟೆಗೆ ಗಾರ್ಡ್ ಕಾಕಾ ಒಬ್ಬನೇ ಬಾಕಿ. ಅವನು ರಾಯಚೂರ ಕಡೆಯಿಂದ ಗೂಡ್ಸ್ ಗಾಡಿ ತರುವವನಿದ್ದ. ಅಪ್ಪ ಕ್ಯಾಬಿನ್ನಿಗೆ ಹೋಗಿ ಫೋನು ತಿರುಗಿಸಿ ಬಂದ. ನಾಲವಾರದಲ್ಲಿ ಗಾಡಿ ನಿಂತಿದೆ, ಹಿಂದಿನ ಪ್ಯಾಸೆಂಜರಿಗೆ ದಾರಿ ಬಿಡಬೇಕಂತೆ. ಎರಡು ಗಂಟೆಗೆ ಮತ್ತೆ ಹೋಗಿ ಬಂದ. ಇನ್ನೂ ನಾಲವಾರ. ನೆಂಟರೆಲ್ಲ ನಾಲ್ಕರ ಗಾಡಿ ಹಿಡಿಯಲೇಬೇಕು, ಮರುದಿನ ಎಲ್ಲರಿಗೂ ಕೆಲಸ.

ನಮ್ಮಲ್ಲಿ ಮನುಷ್ಯರನ್ನು ಒಂದು ಎರಡು ಅಂತ ಎಣಿಸಬಾರದು. ಹತ್ತು ಶಬ್ದಗಳ ಒಂದು ವಚನವಿದೆ. ಒಬ್ಬೊಬ್ಬರನ್ನು ನೋಡುತ್ತ ಒಂದೊಂದು ಶಬ್ದ ಹೇಳಬೇಕು. ಅಪ್ಪ ಆ ದಿನ ಅದನ್ನು ಎಷ್ಟು ಸಲ ಹೇಳಿದನೋ! ಪ್ರತಿ ಸಲವೂ ತನ್ನನ್ನು ಸೇರಿಸಿಕೊಂಡ ಮೇಲೆ ಕೊನೆಯ ಶಬ್ದವೊಂದು ಉಳಿದುಬಿಡುತ್ತಿತ್ತು, ಅದಕ್ಕೆ ಮನುಷ್ಯ ಇರಲಿಲ್ಲ. ನಾನು ತಡೆಯಲಾರದೆ ಮಂಚದಿಂದಲೇ, "ಒಂಬತ್ತು! ಒಂಬತ್ತೇ ಇರೋದು!" ಅಂತ ಕೂಗಿದೆ. ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದಳು.

ಅಡುಗೆಮನೆಯಲ್ಲಿ ಅಕ್ಕ ಬೇರೆಯೇ ಕುದಿಯುತ್ತಿದ್ದಳು. "ನಾ ಏನು ಮನಷ್ಯಾಳಲ್ಲೇನು? ಫಿಟ್ಟರ್ ಕಾಕಾಗ ಪುಸ್ತಕ ನೋಡಿದ್ರೂ ಓದಲಿಕ್ಕ ಬರಂಗಿಲ್ಲ. ನನಗ ಎಲ್ಲಾ ಬಾಯಿಪಾಠ ಅದ. ಹದಿನಾಲ್ಕು ತುಂಬ್ಯಾವ ನನಗ!" "ಬಾಯಿ ಸಣ್ಣ ಮಾಡು, ಕಾಯಿ ತುರಿ" ಅಂದಳು ಅವ್ವ. ಕಾಯಿ ತುರಿಯುವ ಸದ್ದು ಇನ್ನೂ ಜೋರಾಯಿತು.

ಸುದ್ದಿ ಪಕ್ಕದ ಮನೆಗೂ ಹೋಗಿತ್ತು. ಚಾಚಾ ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಿಳಿ ಟೋಪಿ ಹಾಕಿಕೊಂಡೇ ಬಂದ. "ಬಾಬೂ, ಒಬ್ಬ ಮನಷ್ಯಾ ಕಮ್ಮಿ ಬಿದ್ದಾನಂತ. ನಾ ಕುಂದ್ರಲೇನು? ಟೋಪಿ ಹೆಂಗೂ ಅದ."

ಅಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ಚಾಚಾ, ನೀವು ಕೇಳಿದ್ದೇ ಭಾಳ ಆಯ್ತು. ಆದ್ರ ನಮ್ಮವರೇ ಆಗಬೇಕ್ರಿ."

"ನಮ್ಮಾಗ ಇಬ್ಬರಿದ್ರೂ ನಮಾಜು ನಡೀತದಪಾ. ನಿಮ್ಮ ದೇವರು ಭಾಳ ಹಟಮಾರಿ ಇದ್ದಾನ" ಅಂದ ಚಾಚಾ. ಹೌದು ಚಾಚಾ, ಹೌದು, ಅಂತ ನಾನು ಮನಸ್ಸಿನಲ್ಲೇ ಅಂದೆ. ಆದರೂ ಚಾಚಾ ಹೋಗಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತ.

ಮೂರು ಗಂಟೆಯಾಯಿತು. ಅವಲಕ್ಕಿ ನೀರು ಬಿಡತೊಡಗಿತು, ಹೆಚ್ಚಿದ ಸೇಬು ಕಪ್ಪಾಯಿತು. ಗೂಡ್ಸ್ ಇನ್ನೂ ಹೊರಟಿಲ್ಲ. ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತ. ಅವನ ಮುಖ ಅಷ್ಟು ಸೋತದ್ದನ್ನು ನಾನು ದವಾಖಾನೆಯಲ್ಲೂ ನೋಡಿರಲಿಲ್ಲ.

ಆಗ ಹಜ್ಜನ್ ಅಜ್ಜ ಗಂಟಲು ಸರಿಮಾಡಿಕೊಂಡರು. "ಅಡಚಣಿ ಬಂದಾಗ ಹಿರಿಯರು ಒಂದು ದಾರಿ ಇಟ್ಟಾರ. ಹತ್ತನೇದವನು ಇಲ್ಲಂದ್ರ, ಸಣ್ಣ ಹುಡುಗ ತೋರಾ ಪುಸ್ತಕ ಹಿಡಕೊಂಡು ನಮ್ಮ ಕೂಡ ನಿಂದ್ರಬಹುದು."

"ಅದು ಎಲ್ಲರೂ ಒಪ್ಪಂಗಿಲ್ಲ, ಅಜ್ಜಾರ" ಅಂದ ಫಿಟ್ಟರ್ ಕಾಕಾ.

"ಒಪ್ಪದವರು ನಾಲವಾರಕ್ಕ ಹೋಗಿ ಗಾರ್ಡನ್ನ ಹೊತ್ತುಕೊಂಡು ಬರ್ರಿ" ಅಂದರು ಅಜ್ಜ. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ತೋರಾ ಅಂದರೆ ನಮ್ಮ ಧರ್ಮಗ್ರಂಥ. ಮನೆಯಲ್ಲಿದ್ದ ಪುಸ್ತಕ ದಪ್ಪದ್ದು, ಅಪ್ಪನ ಅಪ್ಪನ ಕಾಲದ್ದು, ಇಟ್ಟಿಗೆಗಿಂತ ಭಾರ. "ಎರಡೂ ಕೈಲೆ ಎದಿಗೆ ಅವಚಿ ಹಿಡಿ. ನೆಲಕ್ಕ ಬೀಳಬಾರದು" ಅಂದರು ಅಜ್ಜ. ಎರಡೂ ಕೈ! ಹಾಗಾದರೆ ಕೋಲು ಹಿಡಿಯುವುದು ಯಾವುದರಿಂದ? "ಕುಂತು ಹಿಡೀತೀನಿ" ಅಂದೆ. "ಎಲ್ಲರೂ ನಿಂದ್ರೋ ಪ್ರಾರ್ಥನಾ ಅದು, ನಿಂತೇ ಹಿಡೀಬೇಕು" ಅಂದರು. "ನನಗಾಗಂಗಿಲ್ಲ!" ಅಂತ ಅರಚಿದೆ. ಅಪ್ಪ ಕುಳಿತಲ್ಲಿಂದಲೇ ಮೆಲ್ಲಗೆ, "ಬಿಡ್ರಿ ಅಜ್ಜಾರ. ಹುಡುಗಗ ತ್ರಾಸು ಆಗ್ತದ. ಎಲ್ಲರೂ ಉಂಡು ಹೋಗ್ರಿ" ಅಂದ.

ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ. ಗೂಡ್ಸ್ ಗಾಡಿಯ ಮೇಲೆ, ಕಾಲಿನ ಮೇಲೆ, ಹಟಮಾರಿ ದೇವರ ಮೇಲೆ, ಇಷ್ಟು ಬೇಗ ಸೋತುಹೋದ ಅಪ್ಪನ ಮೇಲೆ. "ಕೊಡ್ರಿ ಇಲ್ಲಿ!" ಅಂದೆ. ಅಕ್ಕ ಕೈ ಒರೆಸಿಕೊಂಡು ಬಂದು ನನ್ನನ್ನು ಎಬ್ಬಿಸಿದಳು, ಕೋಲುಗಳನ್ನು ತೆಗೆದಳು, ಪುಸ್ತಕವನ್ನು ಎದೆಗೆ ಒತ್ತಿದಳು, ಹಿಂದೆ ನಿಂತಳು. "ಮುಟ್ಟಬ್ಯಾಡ ನನ್ನ" ಅಂದೆ. ಅವಳು ಮುಟ್ಟಲಿಲ್ಲ.

ಭಾರ ಕಾಲಿಗೆ ಇಳಿಯಿತು. ತೊಡೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಮೊಣಕಾಲು ಗಡಗಡ ನಡುಗಿತು. ಮೂಗಿನ ಹತ್ತಿರ ಹಳೆಯ ಕಾಗದದ ವಾಸನೆ. ಅಪ್ಪ ಎದ್ದು ಟೋಪಿ ಹಾಕಿಕೊಂಡು ಮತ್ತೊಮ್ಮೆ ಆ ವಚನ ಹೇಳಿದ, ಕೊನೆಯ ಶಬ್ದಕ್ಕೆ ನನ್ನನ್ನು ನೋಡಿದ. ಅಜ್ಜ ಸ್ತೋತ್ರ ಶುರುಮಾಡಿದರು. ಅದು ಮುಗಿಯಿತು. ಇನ್ನು ಅಪ್ಪನ ಸರದಿ, ಎರಡೇ ಸಾಲು. ಅಪ್ಪ ಬಾಯಿ ತೆರೆದ, ಮೊದಲ ನಾಲ್ಕು ಶಬ್ದ ಹೇಳಿದ, ಆಮೇಲೆ ಅಳತೊಡಗಿದ.

ನಾನು ಇಲ್ಲಿ ಸಾಯುತ್ತಿದ್ದೇನೆ, ಇವನು ಅಳುತ್ತ ನಿಂತಿದ್ದಾನೆ! ಒಂದು ಕ್ಷಣ ಕಾದೆ, ಎರಡು ಕ್ಷಣ ಕಾದೆ. ಅಪ್ಪ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ, ಮತ್ತೆ ಅತ್ತ. ಬೆವರು ನನ್ನ ಕಣ್ಣಿಗೆ ಇಳಿಯಿತು, ಒರೆಸಲು ಕೈ ಇಲ್ಲ. "ಅಳಬ್ಯಾಡ ಅಪ್ಪಾ, ಓದು! ಲಗೂ ಓದು!" ಅಂತ ಪ್ರಾರ್ಥನೆಯ ನಟ್ಟನಡುವೆ ಕಿರುಚಿದೆ. ಹೊರಗೆ ಕಟ್ಟೆಯ ಮೇಲೆ ಚಾಚಾ ಫಕ್ಕನೆ ನಕ್ಕ. ಅಜ್ಜನ ಗಡ್ಡವೂ ಅಲುಗಿತು. ಅಪ್ಪ ಅಳುತ್ತಲೇ, ನಗುತ್ತಲೇ, ಉಳಿದದ್ದನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ. ಎಲ್ಲರೂ ಒಟ್ಟಿಗೆ "ಆಮೇನ್" ಅಂದರು. ಅಡುಗೆಮನೆಯ ಬಾಗಿಲಿನಿಂದ ಅವ್ವನೂ ಅಂದಳು. ಅಕ್ಕ ಪುಸ್ತಕ ತೆಗೆದುಕೊಂಡ ಕೂಡಲೇ ನಾನು ದೊಪ್ಪನೆ ನೆಲಕ್ಕೆ ಕುಳಿತೆ. ಪುಸ್ತಕ ಬಿದ್ದಿರಲಿಲ್ಲ.

ನೀರು ಬಿಟ್ಟ ಮಲೀದಾವನ್ನು ಎಲ್ಲರೂ ಗಬಗಬ ತಿಂದು ಸ್ಟೇಷನ್ನಿಗೆ ಓಡಿದರು. ಚಾಚಾನಿಗೆ ಎರಡು ತಟ್ಟೆ. ಗಾರ್ಡ್ ಕಾಕಾ ಐದೂವರೆಗೆ ಬಂದ. ಅಪ್ಪ ಅವನಿಗೆ ಒಂದು ಮಾತೂ ಅನ್ನಲಿಲ್ಲ, ನಾನು ಅಂದೆ.

ಮರುದಿನದಿಂದಲೇ ಓಡಾಡಿದೆ ಅಂತ ಹೇಳಿದರೆ ಅದು ಸುಳ್ಳು. ದಿನಾ ಅಷ್ಟೇ ನೋವು, ಅಷ್ಟೇ ಬೈಗುಳ. ಆದರೆ ಆ ನೋವಿಗೆ ಎಲುಬು ಮುರಿಯುವುದಿಲ್ಲ ಅಂತ ಗೊತ್ತಾಗಿತ್ತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಕೋಲು ಹೋಯಿತು, ದೀಪಾವಳಿಗೆ ಇನ್ನೊಂದು. ಈಗಲೂ ಸ್ವಲ್ಪ ಕುಂಟುತ್ತೇನೆ, ಸ್ವಲ್ಪವೇ.

ನನ್ನ ಮೊಮ್ಮಕ್ಕಳು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿದ್ದಾರೆ. ಅವರಿಗೆ ಕನ್ನಡ ಕಲಿಸಿದವನು ನಾನೇ. ಅವರ ಮನೆಯಿಂದ ಎರಡು ಓಣಿ ದಾಟಿದರೆ ಪ್ರಾರ್ಥನೆಯ ಮನೆ. ಯಾರಿಗಾದರೂ ಕಾಯಿಲೆಯಾದರೆ ಮೊಬೈಲಿಗೆ ಒಂದು ಸಂದೇಶ ಬರುತ್ತದೆ, ಅರ್ಧ ಗಂಟೆಯಲ್ಲಿ ಮೂವತ್ತು ಜನ ಸೇರುತ್ತಾರೆ. ಕಾಲು ಮುರಿದರೆ ನಡೆಯಲು ಕಲಿಸುವವರು ಮನೆಗೇ ಬರುತ್ತಾರೆ. ಇದೆಲ್ಲ ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚೇನಿಲ್ಲ. ಕಳೆದ ಸಲ ನಾನು ಹೋದಾಗ ಬೆಳಿಗ್ಗೆ ಪ್ರಾರ್ಥನೆಯ ಮನೆಯಿಂದ ಫೋನು ಬಂತು, ಒಬ್ಬರು ಕಡಿಮೆ ಇದ್ದಾರೆ ಅಂತ. ಹಿರಿಯ ಮೊಮ್ಮಗನಿಗೆ ಹದಿಮೂರು ತುಂಬಿದೆ. ಅವನು ಹೊದಿಕೆಯೊಳಗಿಂದಲೇ, "ಬೇರೆ ಯಾರಾದರೂ ಬರ್ತಾರೆ ಬಿಡು ಅಜ್ಜ" ಅಂದ. ನನಗೆ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು. ಅವನನ್ನು ಬಿಟ್ಟು ನಾನೇ ಕುಂಟುತ್ತ ಹೋದೆ. ಹೋಗಿ ನೋಡಿದರೆ ಅಲ್ಲಿ ಆಗಲೇ ಹನ್ನೊಂದು ಜನ. ಹುಡುಗ ಹೇಳಿದ್ದು ಸುಳ್ಳಲ್ಲ, ಠಾಣೆಯಲ್ಲಿ ಬೇರೆ ಯಾರಾದರೂ ಬರುತ್ತಾರೆ. ವಾಡಿಯಲ್ಲಿ ಆ ದಿನ ನನ್ನ ಬದಲು ಬರುವವರು ಯಾರೂ ಇರಲಿಲ್ಲ. ಅದಕ್ಕೇ ನಾನು ನಿಂತೆ.